ಡ್ರಾಯಿಂಗ್ ಹಲಗೆಯಿಂದ ಗಣಕದ ಪರದೆಗೆ: ನಕ್ಷೆ ಕಲಿಯುವವನಿಗೆ ಯಾವ ಯಂತ್ರ?

ಮದರಾಸಿನಲ್ಲಿ ನಕ್ಷೆ ಬರೆಯುವ ವಿದ್ಯೆಯನ್ನು ಶಾಲೆ ತೆರೆದು ಕಲಿಸತೊಡಗಿದ್ದು 1794ರಲ್ಲಿ. ಎಂಟು ಮಂದಿ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಆ ಸರ್ವೇ ಶಾಲೆಯೇ ಬೆಳೆದು ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಾಗಿದೆ. ಅದಾದ ಎಂಟು ವರ್ಷಕ್ಕೆ, 1802ರಲ್ಲಿ, ವಿಲಿಯಂ ಲ್ಯಾಂಬ್ಟನ್ ಪರಂಗಿಮಲೆಯ ಬಳಿ ಸರಪಣಿ ಹಿಡಿದು ತನ್ನ ಮಹಾ ಸರ್ವೇಕ್ಷಣೆಯ ಆಧಾರರೇಖೆಯನ್ನು ಅಳೆದನು. ಅವನಿಗಾಗಿ ಲಂಡನ್ನಿನಲ್ಲಿ ತಯಾರಾದ ಥಿಯೊಡೊಲೈಟಿನ ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತ ಹಡಗು ದಾರಿಯಲ್ಲಿ ಫ್ರೆಂಚರ ಕೈಸೆರೆಯಾಗಿ ಮಾರಿಷಸ್ಸಿಗೆ ಹೋಯಿತು. ಅಲ್ಲಿನ ಗವರ್ನರನು ಸೌಜನ್ಯದಿಂದ ಕಳುಹಿಸಿಕೊಟ್ಟ ಮೇಲಷ್ಟೇ ಯಂತ್ರ ಮದರಾಸನ್ನು ಸೇರಿತು. ಈ ಪ್ರಸಂಗವನ್ನು ಸ್ವಾರಸ್ಯಕ್ಕಾಗಿ ಮಾತ್ರ ಹೇಳುತ್ತಿಲ್ಲ. ನಕ್ಷೆಯ ವಿದ್ಯೆ ಕಲಿತವನ ತಲೆಯಲ್ಲಿರುತ್ತದೆ; ನಕ್ಷೆಯ ಸಲಕರಣೆ ಯಾವಾಗಲೂ ಇನ್ನೊಬ್ಬರ ಹಡಗಿನಲ್ಲಿರುತ್ತದೆ. ಇನ್ನೂರು ವರ್ಷಗಳ ಬಳಿಕವೂ ಈ ಮಾತು ಸುಳ್ಳಾಗಿಲ್ಲ.

ಈಗ ಅದು ಬೇರೊಂದು ಪ್ರಶ್ನೆಯ ರೂಪದಲ್ಲಿ ನಮ್ಮ ಮನೆಗಳಿಗೆ ಬರುತ್ತದೆ. ಎಂಜಿನಿಯರಿಂಗ್, ಡಿಪ್ಲೊಮಾ ಅಥವಾ ಐ.ಟಿ.ಐ. ಸೇರಿದ ಮಗನೋ ಮಗಳೋ ಗಣಕಾಧಾರಿತ ವಿನ್ಯಾಸ, ಅಂದರೆ ಕ್ಯಾಡ್, ಕಲಿಯಬೇಕು. ಯಾವ ಗಣಕ ಕೊಳ್ಳುವುದು? ವಿಂಡೋಸೇ ಬೇಕೆ, ಆಪಲ್ ಆದೀತೆ, ಹಣ ಕೊಡದೆ ದೊರೆಯುವ ಲಿನಕ್ಸ್ ಸಾಲದೆ? ಅಂಗಡಿಯವನು ಒಂದು ಹೇಳುತ್ತಾನೆ, ತರಬೇತಿ ಕೇಂದ್ರದವರು ಇನ್ನೊಂದು. ಸಂಬಳದಲ್ಲಿ ಬದುಕುವ ಕುಟುಂಬಕ್ಕೆ ಇದು ಒಂದೆರಡು ತಿಂಗಳ ದುಡಿಮೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಬೇಕಿದ್ದರೆ ಈ ಆಯ್ಕೆ ಏಕೆ ಇಷ್ಟು ಕಿರಿದಾಯಿತು ಎಂಬ ಇತಿಹಾಸವನ್ನು ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಹಲಗೆಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಲಗೆ, ಟಿ-ಸ್ಕ್ವೇರ್, ಕೈವಾರ, ಟ್ರೇಸಿಂಗ್ ಕಾಗದ, ಇಂಡಿಯನ್ ಇಂಕ್ ಇದ್ದರೆ ಸಾಕಿತ್ತು. ಅಮೋನಿಯಾದ ಘಾಟು ಸೂಸುವ ನಕಲು ಕೋಣೆಗಳನ್ನು ಹಳೆಯ ಸರ್ಕಾರಿ ಕಚೇರಿಗಳಲ್ಲಿ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಬ್ಬನ ಹಲಗೆಯ ಮೇಲೆ ಬರೆದ ಹಾಳೆಯನ್ನು ಇನ್ನೊಬ್ಬನ ಹಲಗೆಯ ಮೇಲೆ ಹಾಸಿ ತಿದ್ದಬಹುದಾಗಿತ್ತು. ಹಲಗೆ ಯಾವ ಕಂಪನಿಯದೆಂದು ಯಾರೂ ಕೇಳುತ್ತಿರಲಿಲ್ಲ.

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧಕ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ರೂಪಿಸಿ, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದನು. ಮುಂದಿನ ಎರಡು ದಶಕ ಈ ವಿದ್ಯೆ ವಿಮಾನ ಮತ್ತು ಮೋಟಾರು ಕಾರ್ಖಾನೆಗಳ ದೊಡ್ಡ ಯಂತ್ರಗಳಲ್ಲೇ ಉಳಿಯಿತು. ಫ್ರಾನ್ಸಿನ ಡಸ್ಸೊ ವಿಮಾನ ಸಂಸ್ಥೆಯಲ್ಲಿ ಹುಟ್ಟಿದ ಕಟಿಯಾ ಈ ವಂಶಕ್ಕೆ ಸೇರಿದ್ದು. ನಮ್ಮ ನಗರದಲ್ಲಿ ಐ.ಐ.ಟಿ.ಗೆ 1973ರಲ್ಲಿ ಜರ್ಮನಿಯ ನೆರವಿನಿಂದ ಐ.ಬಿ.ಎಂ. 370 ಬಂದಿತು. ಆಗಿನ ವಿದ್ಯಾರ್ಥಿ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರಕ್ಕಾಗಿ ಕಾದು ಕುಳಿತಿರುತ್ತಿದ್ದನು. ಕೊಂಡುಕೊಳ್ಳುವ ಮಾತೇ ಇಲ್ಲದಿದ್ದಾಗ ಆಯ್ಕೆಯ ಮಾತೆಲ್ಲಿ?

ಆಯ್ಕೆಯೆಂಬುದು ಬಂದದ್ದು 1982ರಲ್ಲಿ. ಕ್ಯಾಲಿಫೋರ್ನಿಯದಲ್ಲಿ ಜಾನ್ ವಾಕರ್ ಮತ್ತವನ ಸಂಗಡಿಗರು ಆಟೋಡೆಸ್ಕ್ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ಮೈಕ್ ರಿಡ್ಲ್ ಎಂಬಾತ ಮೊದಲೇ ಬರೆದಿದ್ದ ತಂತ್ರಾಂಶವನ್ನು ಆಧರಿಸಿ ಆಟೋಕ್ಯಾಡನ್ನು ಹೊರತಂದರು. ಬೆಲೆ ಸುಮಾರು ಸಾವಿರ ಡಾಲರು. ದೊಡ್ಡ ಯಂತ್ರಗಳ ಬೆಲೆಯ ಮುಂದೆ ಇದು ಕೈಗೆಟಕುವ ಮೊತ್ತವೇ. ಯಾವ ಪುಟ್ಟ ಗಣಕ ಗೆಲ್ಲುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಅವರು ಎಲ್ಲವಕ್ಕೂ ಬರೆದರು: ಸಿ.ಪಿ.ಎಂ. ಯಂತ್ರಗಳಿಗೆ, ಐ.ಬಿ.ಎಂ. ಪಿ.ಸಿ.ಗೆ, ಮುಂದೆ ಯೂನಿಕ್ಸ್ ವರ್ಕ್‌ಸ್ಟೇಷನ್‌ಗಳಿಗೆ, ಮ್ಯಾಕಿಂಟಾಷಿಗೂ. ಹಲಗೆಯ ಕಾಲದ ಸಮಾನತೆ ಇನ್ನೊಂದು ರೂಪದಲ್ಲಿ ಮರಳಿ ಬಂದಂತಿತ್ತು.

ನಮ್ಮ ದೇಶದಲ್ಲಿ ಐ.ಬಿ.ಎಂ. 1978ರಲ್ಲಿ ವ್ಯವಹಾರ ಮುಚ್ಚಿ ಹೋಗಿತ್ತು. ಎಚ್.ಸಿ.ಎಲ್., ವಿಪ್ರೊ ಮೊದಲಾದ ಸ್ವದೇಶಿ ತಯಾರಕರು ತಲೆಯೆತ್ತಿದ್ದರು. 1984ರ ಗಣಕ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿದ ಮೇಲೆ ಪಿ.ಸಿ.ಗಳು ಸಣ್ಣ ಕಚೇರಿಗಳಿಗೂ ಬಂದವು. ಗಿಂಡಿ, ಅಂಬತ್ತೂರುಗಳ ಕೈಗಾರಿಕಾ ಬಡಾವಣೆಗಳು, ಎಣ್ಣೂರಿನ ಅಶೋಕ್ ಲೇಲ್ಯಾಂಡ್, ಪೆರಂಬೂರಿನ ರೈಲುಗಾಡಿ ಕಾರ್ಖಾನೆ ಎಲ್ಲವೂ ಇರುವ ಈ ಊರಿನಲ್ಲಿ ನಕ್ಷೆಗಾರರಿಗೆ ಎಂದೂ ಕೆಲಸದ ಬರವಿರಲಿಲ್ಲ. ಅವರಿಗೆ ಹೊಸ ವಿದ್ಯೆಯನ್ನು ಕಲಿಸಲೆಂದು 1988ರಲ್ಲಿ ಚೆನ್ನೈಯಲ್ಲೇ ಆರಂಭವಾದ ಕ್ಯಾಡ್ ಸೆಂಟರ್ ಎಂಬ ತರಬೇತಿ ಸಂಸ್ಥೆ ಮುಂದೆ ದೇಶವಿಡೀ, ಹೊರದೇಶಗಳಲ್ಲೂ ಶಾಖೆ ತೆರೆಯಿತು. ಆ ಹೊತ್ತಿನ ಆಟೋಕ್ಯಾಡಿಗೆ ಮುಖ್ಯ ಸಂಸ್ಕಾರಕದ ಜೊತೆಗೆ ಗಣಿತಕ್ಕೆಂದೇ ಇನ್ನೊಂದು ಚಿಪ್ಪು ಬೇಕಿತ್ತು. ಸ್ವಂತ ಯಂತ್ರ ಕೊಳ್ಳುವುದು ಕಲಿಯುವವನ ಕನಸಿಗೂ ನಿಲುಕುತ್ತಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಶುಲ್ಕ ತೆತ್ತು, ತರಬೇತಿ ಕೇಂದ್ರದ ಯಂತ್ರದ ಮುಂದೆ ಕುಳಿತು ಕಲಿಯಬೇಕಿತ್ತು. ಆದ್ದರಿಂದ ಕಲಿಯುವವನ ವೇದಿಕೆಯನ್ನು ಆರಿಸಿದ್ದು ಅವನಲ್ಲ, ಅವನಿಗೆ ಕಲಿಸಿದವರು. ಕಲಿಸಿದವರದನ್ನು ಆರಿಸಿದ್ದು ಕೆಲಸ ಕೊಡುವ ಕಾರ್ಖಾನೆಗಳು.

ತೊಂಬತ್ತರ ದಶಕದಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮ್ಯಾಕಿಂಟಾಷಿನ ಆಟೋಕ್ಯಾಡ್ 1992ರ ಹನ್ನೆರಡನೆಯ ಆವೃತ್ತಿಗೆ ನಿಂತಿತು. ಡಾಸ್ ಮತ್ತು ಯೂನಿಕ್ಸ್ 1994ರ ಹದಿಮೂರನೆಯದಕ್ಕೆ ಮುಗಿದವು. 1997ರ ಹದಿನಾಲ್ಕನೆಯ ಆವೃತ್ತಿ ವಿಂಡೋಸಿಗೆ ಮಾತ್ರ ಬಂದಿತು. ಅತ್ತ ಯಂತ್ರಭಾಗಗಳ ಘನರೂಪ ವಿನ್ಯಾಸದಲ್ಲಿ ಯೂನಿಕ್ಸ್ ಯಂತ್ರಗಳ ಮೇಲೆ ಪ್ರೊ-ಎಂಜಿನಿಯರ್ ಮೆರೆಯುತ್ತಿದ್ದಾಗಲೇ, 1995ರಲ್ಲಿ ಸಾಲಿಡ್‌ವರ್ಕ್ಸ್ ವಿಂಡೋಸನ್ನೇ ನಂಬಿ ಹೊರಬಂದು ಗೆದ್ದಿತು. ಕಟ್ಟಡ ವಿನ್ಯಾಸದ ರೆವಿಟ್ ಸಹ ವಿಂಡೋಸಿನ ಕೂಸೇ. ಇದರಲ್ಲಿ ಪಿತೂರಿಯನ್ನು ಹುಡುಕಬೇಕಾಗಿಲ್ಲ. ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ ತಂತ್ರಾಂಶ ಬರೆದು, ಪರೀಕ್ಷಿಸಿ, ತಿದ್ದುವ ಖರ್ಚು ದೊಡ್ಡದು. ಗಿರಾಕಿಗಳು ಹೆಚ್ಚಾಗಿರುವ ಕಡೆಗೆ ವ್ಯಾಪಾರ ಹೊರಳುತ್ತದೆ. ಆದರೆ ಫಲ ಮಾತ್ರ ಸ್ಪಷ್ಟ: ಕ್ಯಾಡ್ ಕಲಿಯುವುದೆಂದರೆ ವಿಂಡೋಸ್ ಕೊಳ್ಳುವುದು ಎಂದಾಯಿತು.

ಇದೇ ದಶಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಂಗ್ಲಿಷ್ ಸಾಹಿತ್ಯವನ್ನು ಓದಿಕೊಂಡ ನಮಗೆ ಅದು ವಿಶೇಷ ಕುತೂಹಲದ್ದಾಗಿ ಕಾಣುತ್ತದೆ. ಭಾರತದ ಕೃತಿಸ್ವಾಮ್ಯ ಕಾನೂನು 1984ರ ತಿದ್ದುಪಡಿಯಿಂದ ಗಣಕ ತಂತ್ರಾಂಶವನ್ನು ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರಿಸಿತು. ಕಾನೂನಿನ ಕಣ್ಣಿಗೆ ಕಾದಂಬರಿಯೂ ಒಂದೇ, ಕ್ಯಾಡೂ ಒಂದೇ! 1995ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮುಂದಿನ ತಿದ್ದುಪಡಿ, ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆಮನೆ ಎಂದು ವಿಧಿಸಿತು. ಅತ್ತ ಕಾನೂನು ಹೀಗಿದ್ದಾಗ ಇತ್ತ ಬೀದಿಬದಿಯಲ್ಲಿ ಕಳ್ಳಪ್ರತಿಯ ಸಿ.ಡಿ.ಗಳು ತರಕಾರಿಯಂತೆ ಮಾರಾಟವಾಗುತ್ತಿದ್ದವು. ಒಂದು ತಲೆಮಾರಿನ ನಕ್ಷೆಗಾರರು ತಾವು ಕಲಿತ ವಿದ್ಯೆಯನ್ನು ಕಾನೂನಿನ ಕಣ್ಣು ತಪ್ಪಿಸಿಯೇ ಕಲಿಯಬೇಕಾಯಿತು. ಬಡವನಿಗೆ ವಿದ್ಯೆಯ ಬಾಗಿಲು ಹಿತ್ತಲಲ್ಲಿ ಮಾತ್ರ ತೆರೆದಿರುವುದು ಅವನ ನೀತಿಯ ಪ್ರಶ್ನೆಯಷ್ಟೇ ಅಲ್ಲ, ಬಾಗಿಲು ಕಟ್ಟಿದವರ ಪ್ರಶ್ನೆಯೂ ಹೌದು.

ಮುಂಬಾಗಿಲನ್ನು ತೆರೆಯುವ ಪ್ರಯತ್ನವೊಂದು ಚೆನ್ನೈಯಿಂದಲೇ ನಡೆದದ್ದನ್ನು ನಾವು ಮರೆಯಬಾರದು. ಇಲ್ಲಿನ ಸಿ-ಡ್ಯಾಕ್ ಕೇಂದ್ರ 2007ರ ಜನವರಿಯಲ್ಲಿ ಬಾಸ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಅದು ಬಲ್ಲದು. ಅದೇ ಹೊತ್ತಿಗೆ ತಮಿಳುನಾಡಿನ ಎಲ್ಕಾಟ್ ಸಂಸ್ಥೆ ತನ್ನ ಗಣಕಗಳನ್ನು ಲಿನಕ್ಸಿಗೆ ಬದಲಿಸಿಕೊಂಡಿತು. 2011ರಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳಲ್ಲೂ ವಿಂಡೋಸಿನ ಜೊತೆಗೆ ಬಾಸ್ ಇತ್ತು. ಪತ್ರ ಬರೆಯಲು, ಲೆಕ್ಕವಿಡಲು, ಜಾಲವನ್ನು ನೋಡಲು ಇವೆಲ್ಲ ಸಾಕಾಗಿದ್ದವು. ಆದರೆ ಡ್ರಾಫ್ಟ್ಸ್‌ಮನ್ ವಿದ್ಯಾರ್ಥಿ ಬಂದು ‘ಆಟೋಕ್ಯಾಡ್ ಎಲ್ಲಿ?’ ಎಂದು ಕೇಳಿದಾಗ ಉತ್ತರವಿರಲಿಲ್ಲ. ಮನೆ ಕಟ್ಟಿ ಬಾವಿ ತೋಡದಿದ್ದಂತೆ ಆಯಿತು.

ಬಾವಿ ತೋಡುವವರು ಇರಲಿಲ್ಲವೆಂದಲ್ಲ. ಜರ್ಮನಿಯ ಯೂರ್ಗನ್ ರೀಗಲ್ 2002ರಲ್ಲಿ ಆರಂಭಿಸಿದ ಫ್ರೀಕ್ಯಾಡ್ ಮೂರೂ ವೇದಿಕೆಗಳ ಮೇಲೆ ನಡೆಯುತ್ತದೆ. ಆದರೆ ಅದು ತನ್ನನ್ನು ‘ಒಂದನೆಯ ಆವೃತ್ತಿ’ ಎಂದು ಕರೆದುಕೊಂಡದ್ದು 2024ರ ನವೆಂಬರಿನಲ್ಲಿ, ಇಪ್ಪತ್ತೆರಡು ವರ್ಷಗಳ ನಂತರ. ಸಮತಲ ನಕ್ಷೆಗಳಿಗೆ ಲಿಬ್ರೆಕ್ಯಾಡ್ ಇದೆ. ಹಣ ಕೇಳದೆ ಸಿಗುವುದೆಲ್ಲ ಸ್ವತಂತ್ರವೆಂದು ತಿಳಿಯುವುದೂ ಅಪಾಯವೇ. ಡ್ರಾಫ್ಟ್‌ಸೈಟ್ ಎಂಬ ತಂತ್ರಾಂಶ 2010ರಿಂದ ಉಚಿತವಾಗಿ, ಲಿನಕ್ಸಿಗೂ ದೊರೆಯುತ್ತಿತ್ತು. 2019ರಲ್ಲಿ ಒಡೆಯರು ಮನಸ್ಸು ಬದಲಿಸಿದರು, ಉಚಿತ ಆವೃತ್ತಿ ಮುಗಿಯಿತು. ಆಟೋಡೆಸ್ಕ್ ಸಹ 2016ರಲ್ಲಿ ಒಮ್ಮೆ ಕೊಂಡು ಎಂದೆಂದಿಗೂ ಬಳಸುವ ಹೊಸ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಬಾಡಿಗೆಯ ಪದ್ಧತಿಗೆ ಬಂದಿತು. ಇಂದು ವಿದ್ಯಾರ್ಥಿಗಳಿಗೆ ಅದನ್ನು ಉಚಿತವಾಗಿ ಕೊಡುತ್ತಾರೆ ಎಂಬುದು ನಿಜ. ಕಾನೂನಿಗೆ ಅಂಜದೆ ಕಲಿಯಲು ಅದು ದೊಡ್ಡ ಅನುಕೂಲ. ಆದರೆ ಅದು ವರ್ಷದ ಲೆಕ್ಕದ್ದು, ಓದಿಗೆ ಮಾತ್ರ ಸಲ್ಲುವಂಥದು; ಅದರಲ್ಲಿ ದುಡಿದು ಹಣ ಗಳಿಸುವಂತಿಲ್ಲ.

ಇಲ್ಲಿರುವ ನಿಜವಾದ ಅಪಾಯ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ನಾವು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರಸಂಕೇತದಲ್ಲಿ ಕನ್ನಡ ಬೆರಳಚ್ಚಿಸಿದೆವು. ಹೊರನಾಡಿನ ಎಷ್ಟೋ ಸಂಘಗಳ ಹಳೆಯ ಸ್ಮರಣಸಂಚಿಕೆಗಳ ಕಡತಗಳನ್ನು ಇಂದು ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಬರೆದವರು ನಾವು, ಭಾಷೆ ನಮ್ಮದು. ಓದುವ ಬೀಗದಕೈ ಮಾತ್ರ ಇನ್ನೊಬ್ಬರದು. ನಕ್ಷೆಗಳ ಕಥೆಯೂ ಹೀಗೆಯೇ. ಆಟೋಕ್ಯಾಡಿನ ಡಿ.ಡಬ್ಲ್ಯು.ಜಿ. ಎಂಬ ಕಡತರೂಪ ಖಾಸಗಿಯಾದದ್ದು. ಅದನ್ನು ಹೊರಗಿನಿಂದ ಬಿಡಿಸಿ ಓದಲೆಂದೇ 1998ರಲ್ಲಿ ಬೇರೆ ಕಂಪನಿಗಳು ಸೇರಿ ಒಂದು ಒಕ್ಕೂಟವನ್ನೇ ಕಟ್ಟಬೇಕಾಯಿತು. ಇದಕ್ಕೆ ಪ್ರತಿಯಾಗಿ ಡಿ.ಎಕ್ಸ್.ಎಫ್. ಎಂಬ ವಿನಿಮಯ ರೂಪವೂ, ಘನವಸ್ತುಗಳಿಗೆ ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾನಕವೂ ಇವೆ. ಇವು ನಕ್ಷೆಗಳ ಯೂನಿಕೋಡ್ ಎನ್ನಬಹುದು, ಪರಿಪೂರ್ಣವಲ್ಲದಿದ್ದರೂ.

ಹಾಗಾದರೆ ಯಾವ ಯಂತ್ರ? ಇತಿಹಾಸ ಹೇಳುವ ಉತ್ತರ ಹೀಗಿದೆ. ಯಂತ್ರ ವಿನ್ಯಾಸ ಕಲಿತು ಶ್ರೀಪೆರಂಬುದೂರು, ಹೊಸೂರುಗಳ ಕಡೆ ಕೆಲಸ ಹುಡುಕುವವರಿಗೆ, ರೆವಿಟ್ ಬಳಸುವ ಕಟ್ಟಡ ವಿನ್ಯಾಸಕರಿಗೆ ಇಂದಿಗೂ ವಿಂಡೋಸೇ ದಾರಿ. ಆಟೋಕ್ಯಾಡ್ 2010ರಲ್ಲಿ ಆಪಲ್ ಯಂತ್ರಕ್ಕೆ ಮರಳಿದೆಯಾದರೂ ಸಾಲಿಡ್‌ವರ್ಕ್ಸ್, ರೆವಿಟ್‌ಗಳು ಬಂದಿಲ್ಲ. 2020ರಿಂದ ಆಪಲ್ ತನ್ನದೇ ಚಿಪ್ಪುಗಳನ್ನು ಬಳಸತೊಡಗಿದ ಮೇಲೆ ಅದರ ಯಂತ್ರವನ್ನು ನೇರವಾಗಿ ವಿಂಡೋಸಿನಲ್ಲಿ ಆರಂಭಿಸುವ ಹಳೆಯ ಉಪಾಯವೂ ಹೊಸ ಯಂತ್ರಗಳಲ್ಲಿ ಉಳಿದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆಗಳಲ್ಲಿ, ಆ ಹೆಚ್ಚಿನ ಹಣವನ್ನು ಸಾಧಾರಣ ವಿಂಡೋಸ್ ಯಂತ್ರದ ಸ್ಮೃತಿಗೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೂ ಹಾಕುವುದು ಲೇಸು. ಸಮತಲ ನಕ್ಷೆಗೆ ಹದಿನಾರು ಜಿ.ಬಿ. ಸ್ಮೃತಿ ಧಾರಾಳವಾಯಿತು, ಹಳೆಯ ಯಂತ್ರವೊಂದು ಮನೆಯಲ್ಲೇ ಇದ್ದರೆ ಅದಕ್ಕೆ ಲಿನಕ್ಸ್ ಹಾಕಿ ಲಿಬ್ರೆಕ್ಯಾಡಿನಲ್ಲಿ ಕೈ ಪಳಗಿಸಬಹುದು. ಸಾಲಿಡ್‌ವರ್ಕ್ಸ್ ಕಟ್ಟಿದವರಲ್ಲಿ ಪ್ರಮುಖನಾದ ಜಾನ್ ಹರ್ಷ್‌ಟಿಕ್ಕನೇ ಮುಂದೆ ತನ್ನ ಸಂಗಡಿಗರೊಡನೆ ಕಟ್ಟಿದ ಆನ್‌ಶೇಪ್ ಬ್ರೌಸರಿನಲ್ಲೇ ನಡೆಯುತ್ತದೆ. ಅಲ್ಲಿ ಯಂತ್ರದ ಭೇದವಿಲ್ಲ. ಆದರೆ ನಕ್ಷೆ ಇರುವುದು ಅವರ ಕಣಜದಲ್ಲಿ, ಎಂಬುದನ್ನು ನೆನಪಿಡಬೇಕು.

ಯಂತ್ರ ಯಾವುದೇ ಇರಲಿ, ಎರಡು ಅಭ್ಯಾಸಗಳನ್ನು ನಮ್ಮ ಮಕ್ಕಳಿಗೆ ಕಲಿಸಬೇಕು. ಮೊದಲನೆಯದು, ತಾವು ಬರೆದ ಪ್ರತಿ ನಕ್ಷೆಯ ಒಂದು ಪ್ರತಿಯನ್ನು ವಿನಿಮಯ ರೂಪದಲ್ಲಿಯೂ ಇಟ್ಟುಕೊಳ್ಳುವುದು. ಪರವಾನಗಿ ಮುಗಿದ ದಿನ ಸ್ವಂತ ಕೆಲಸ ಪರರ ಪಾಲಾಗಬಾರದು. ಎರಡನೆಯದು, ಗುಂಡಿ ಒತ್ತುವುದಕ್ಕಿಂತ ಮೊದಲು ಪ್ರಕ್ಷೇಪಣದ ತತ್ತ್ವವನ್ನು ಕಾಗದದ ಮೇಲೆ ಕಲಿಯುವುದು. ಭಾರತೀಯ ಮಾನಕ ಬ್ಯೂರೊ ನಮಗೆ ವಿಧಿಸಿರುವುದು ಪ್ರಥಮ ಕೋನ ಪದ್ಧತಿ, ಅಮೆರಿಕದ ರೂಢಿ ತೃತೀಯ ಕೋನ. ತಂತ್ರಾಂಶವನ್ನು ಅದರ ಮೂಲ ಹೊಂದಿಕೆಯಲ್ಲೇ ಬಿಟ್ಟವನ ನಕ್ಷೆಯಲ್ಲಿ ಎಡ, ಬಲ ನೋಟಗಳ ಸ್ಥಾನ ಅದಲುಬದಲಾಗಿ, ಲೋಹ ತಪ್ಪಾಗಿ ಕೊರೆಯಲ್ಪಡಬಹುದು. ಆ ತಪ್ಪನ್ನು ಎಷ್ಟೇ ಬೆಲೆಯ ಗಣಕವೂ ಹಿಡಿದುಕೊಡದು. ಅದನ್ನು ಹಿಡಿಯುವುದು 1794ರಲ್ಲಿ ಆ ಎಂಟು ಹುಡುಗರು ಕಲಿಯತೊಡಗಿದ ವಿದ್ಯೆಯೇ.