ಎತ್ತರದ ಬೀದರಿಗೆ ಬಂದವರು, ಉಳಿದವರು

ಬಗದಲ್, ಭಾಲ್ಕಿ, ಔರಾದ್ ಕಡೆಯ ಜನ ಬಜಾರು, ಕೋರ್ಟು, ಆಸ್ಪತ್ರೆ ಎಂದು ಬಂದು ಹೋಗುವ ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿದೆ. ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತ ಈ ಊರು ಬೆಂಗಳೂರಿನವರಿಗೆ ರಾಜ್ಯದ ಕಟ್ಟಕಡೆಯ ತುದಿ. ಆದರೆ ಐದೂವರೆ ಶತಮಾನಗಳ ಹಿಂದೆ ಇರಾನ್, ತುರ್ಕಸ್ತಾನ, ಇಥಿಯೋಪಿಯಾಗಳ ಜನ ಹುಡುಕಿಕೊಂಡು ಬಂದ ರಾಜಧಾನಿ ಇದು. ಅಷ್ಟೊಂದು ಬಗೆಯ ಜನ ಒಂದೇ ಗುಡ್ಡದ ಮೇಲೆ ಸೇರಿದಾಗ ಏನಾಯಿತು? ಪ್ರವಾಸಿ ಪುಸ್ತಿಕೆಗಳು 'ಸಾಮರಸ್ಯ' ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಸುತ್ತವೆ. ಇತಿಹಾಸ ಹೇಳುವುದು ಅಷ್ಟು ಸರಳವಾಗಿಲ್ಲ.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ (1422-1436) ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದ. ಎತ್ತರದ ನೆಲೆ ರಕ್ಷಣೆಗೆ ಅನುಕೂಲವಾಗಿತ್ತು. ಜಂಬಿಟ್ಟಿಗೆಯನ್ನು ಕೊರೆದು ಕೋಟೆಗೆ ಕಂದಕ ತೋಡಬಹುದಿತ್ತು, ಇರಾನಿನ ಕರೇಜ್ ಪದ್ಧತಿಯಲ್ಲಿ ನೆಲದಡಿ ಸುರಂಗ ಕೊರೆದು ನೀರು ಹರಿಸಬಹುದಿತ್ತು. ಕಿರ್ಮಾನದ ಸೂಫಿ ಸಂತ ಷಾ ನಿಯಾಮತುಲ್ಲಾ ಅವರ ಮನೆತನದವರನ್ನು ಅಹ್ಮದ್ ಷಾ ಆದರದಿಂದ ಬರಮಾಡಿಕೊಂಡ. ಅವರ ಹಿಂದೆ ಕವಿಗಳು, ಸೈನಿಕರು, ವ್ಯಾಪಾರಿಗಳು ಬಂದರು. ಹೀಗೆ ಹೊರಗಿನಿಂದ ಬಂದವರಿಗೆ 'ಆಫಾಖಿ'ಗಳೆಂದೂ ಮೊದಲೇ ನೆಲೆಸಿದ್ದ ಮುಸ್ಲಿಮರಿಗೆ 'ದಖ್ಖನಿ'ಗಳೆಂದೂ ಹೆಸರಾಯಿತು. ಆಫ್ರಿಕಾ ಮೂಲದ ಹಬ್ಶಿಗಳು ಬಹುಮಟ್ಟಿಗೆ ದಖ್ಖನಿಗಳ ಪಕ್ಷ ಹಿಡಿದರು. ಅವರ ಸರದಾರರ ಗೋರಿಗಳಿರುವ ಹಬ್ಶಿಕೋಟೆ ಗುಡ್ಡ ಬೀದರಿನಲ್ಲಿ ಇಂದಿಗೂ ಇದೆ.

ಕುದುರೆ ಮಾರಲು ಬಂದ ರಷ್ಯನ್ನ

1470ರ ಆಸುಪಾಸಿನಲ್ಲಿ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದ. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟುವುದಕ್ಕೆ ಇನ್ನೂ ಸುಮಾರು ಮೂರು ದಶಕ ಬಾಕಿ ಇತ್ತು. ಚೌಲ್ ಬಂದರಿನಲ್ಲಿ ಇಳಿದ ನಿಕಿತಿನ್‌ನ ಕುದುರೆಯನ್ನು ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಹಿಂತಿರುಗಿಸುವುದಾಗಿ ಹೇಳಿದ್ದ. ಖುರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿದ. ಆ ಕುದುರೆ ಕೊನೆಗೆ ಮಾರಾಟವಾದದ್ದು ಬೀದರಿನಲ್ಲಿ.

ನಿಕಿತಿನ್ ತಿಂಗಳುಗಟ್ಟಲೆ ಇಲ್ಲಿದ್ದು ಹಿಂದೂಗಳ ಸ್ನೇಹ ಬೆಳೆಸಿದ. ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲವೆಂದು ಬರೆದಿದ್ದಾನೆ. ಅವರೊಂದಿಗೆ 'ಪರ್ವತ'ಕ್ಕೂ ಹೋಗಿಬಂದ. ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಳುವವರೆಲ್ಲ ಖುರಾಸಾನಿಗಳು, ಸರದಾರರು ವೈಭವದಲ್ಲಿದ್ದಾರೆ, ಹಳ್ಳಿಗರು ಕಡುಬಡವರು ಎಂಬುದೂ ಅವನ ಕಣ್ಣಿಗೆ ಬಿತ್ತು. ಒಡಕಿನ ಮೂಲ ಅಲ್ಲಿಯೇ ಇತ್ತು.

ಆ ಕಾಲದ ಪ್ರಧಾನಿ ಮಹಮೂದ್ ಗವಾನ್ ಸ್ವತಃ ಇರಾನಿನ ಗಿಲಾನ್ ಪ್ರಾಂತದವನು. 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳು ಈಗಲೂ ನೋಡುಗರ ಕಣ್ಸೆಳೆಯುತ್ತವೆ. ರಾಜ್ಯದ ನಾಲ್ಕು ಪ್ರಾಂತಗಳನ್ನು ಅವನು ಎಂಟಾಗಿ ಒಡೆದ, ಒಬ್ಬ ಪ್ರಾಂತಾಧಿಕಾರಿಗೆ ಒಂದೇ ಕೋಟೆ ಎಂದು ಗೊತ್ತುಮಾಡಿದ, ಹುದ್ದೆಗಳನ್ನು ಆಫಾಖಿ, ದಖ್ಖನಿಗಳ ನಡುವೆ ಸಮತೂಕದಲ್ಲಿ ಹಂಚಲು ನೋಡಿದ. ಅಧಿಕಾರ ಕಳೆದುಕೊಂಡವರು ಸುಮ್ಮನಿರಲಿಲ್ಲ. ಒಡಿಶಾದ ಗಜಪತಿಗೆ ಬರೆದಂತೆ ಸೃಷ್ಟಿಸಿದ ಸುಳ್ಳು ಪತ್ರಕ್ಕೆ ಗವಾನನ ಮೊಹರು ಒತ್ತಿಸಿ ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್‌ನಲ್ಲಿ ವೃದ್ಧ ಪ್ರಧಾನಿಯ ತಲೆ ಉರುಳಿತು. ಸತ್ಯ ತಿಳಿದ ಸುಲ್ತಾನ ಮೂರನೇ ಮುಹಮ್ಮದ್ ಷಾ ಮರುವರ್ಷವೇ ತೀರಿಕೊಂಡ. ಮುಂದೆ ರಾಜ್ಯ ಒಡೆದು ಐದು ಹೋಳಾಯಿತು.

ದರ್ಬಾರು ಹೋಯಿತು, ಕಸುಬು ಉಳಿಯಿತು

ದರ್ಬಾರಿನಲ್ಲಿ ಒಬ್ಬನಿಗೆ ಸಿಕ್ಕ ಜಾಗೀರು ಇನ್ನೊಬ್ಬನಿಗೆ ನಷ್ಟ. ಕಸುಬಿನ ಲೆಕ್ಕ ಬೇರೆ. ಬಿದರಿ ಪಾತ್ರೆಯನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಚಿತ್ತಾರ ಕೆತ್ತಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಉಜ್ಜಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ವಿನ್ಯಾಸದಲ್ಲಿ ಇರಾನಿನ ಛಾಯೆ ಇದೆ, ಮಣ್ಣು ಬೀದರಿನದು. ಬಿದರಿ ಕುಶಲಕರ್ಮಿ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಅಷ್ಟೂರಿನಲ್ಲಿ ಅಹ್ಮದ್ ಷಾನ ಗೋರಿಯ ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿಯ ನಂತರ. ಕಲಬುರ್ಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಪೂಜೆ ಸಲ್ಲಿಸುತ್ತಾರೆ. ಮುಸ್ಲಿಮರಿಗೆ ವಲಿಯಾದ ಸುಲ್ತಾನ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು.

ಇದೆಲ್ಲ ತಾನಾಗಿ ಬಾಳಿಕೆ ಬರುತ್ತದೆಂದು ತಿಳಿಯಬಾರದು. ಗುರುನಾನಕರು ಚಿಮ್ಮಿಸಿದರೆಂಬ ನಂಬಿಕೆಯ ಝರಿ ಇರುವ, ಸಿಖ್ಖರ ಪಂಚಪ್ಯಾರೆಗಳಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗರ ಊರಾದ ಇದೇ ಬೀದರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಪ್ರಾಣಹಾನಿಯಾಯಿತು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನೇ ಭಾಷೆಯ ಆಧಾರದ ಮೇಲೆ ಮೂರು ರಾಜ್ಯಗಳಿಗೆ ಹಂಚಲಾಯಿತು. ಉದಗೀರ್ ಮುಂಬಯಿಗೆ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಆದರೂ ಬೀದರಿನ ಬಜಾರಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮಾತುಗಳು ಇಂದಿಗೂ ಒಟ್ಟಿಗೇ ಕೇಳುತ್ತವೆ. ಬೀದರಿಗೆ ಹೋದವರು ಮದರಸಾ ನೋಡಿದ ಮೇಲೆ ಬಿದರಿ ಕೆಲಸದವರ ಓಣಿಗೂ ಹೋಗಿ, ಅವರು ಕೆಲಸ ಮಾಡುವುದನ್ನು ಅರ್ಧ ಗಂಟೆ ನಿಂತು ನೋಡಬೇಕು. ಗವಾನನಿಗೆ ದರ್ಬಾರಿನಲ್ಲಿ ಸಾಧ್ಯವಾಗದ ಹೊಂದಾಣಿಕೆ ಅಲ್ಲಿ ದಿನವೂ ನಡೆಯುತ್ತಿದೆ.