ಯಶದವೂ ನೆಗಡಿಯೂ

“ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ” ಎಂಬ ಗಾದೆಯನ್ನು ಕೇಳದ ಮನೆ ಕನ್ನಡನಾಡಿನಲ್ಲಿ ಇರಲಾರದು. ಔಷಧ ತೆಗೆದುಕೊಂಡರೆ ಏಳು ದಿನ, ಬಿಟ್ಟರೆ ಒಂದು ವಾರ ಎಂಬ ವಿನೋದೋಕ್ತಿಯೂ ಈ ವ್ಯಾಧಿಯನ್ನು ಕುರಿತೇ ಹುಟ್ಟಿದುದು. ತಾನಾಗಿ ಬಂದು ತಾನಾಗಿ ಹೋಗುವ ರೋಗಕ್ಕೆ ಮದ್ದನ್ನು ಹುಡುಕುವವರಿಗೆ ಒಂದು ವಿಶೇಷವಾದ ತೊಡಕುಂಟು. ಗುಣವಾದುದು ಮದ್ದಿನಿಂದಲೋ ಕಾಲಕ್ರಮದಿಂದಲೋ ಎಂಬುದನ್ನು ನಿಶ್ಚಯಿಸುವ ಬಗೆ ಹೇಗೆ? ೨೦೨೦-೨೧ನೆಯ ಇಸವಿಗಳಲ್ಲಿ ಕೋವಿಡ್ ಮಹಾಮಾರಿಯು ದೇಶವನ್ನೆಲ್ಲ ನಡುಗಿಸಿದಾಗ ಸತುವಿನ ಮಾತ್ರೆಗಳನ್ನು ಕೊಂಡು ಸೇವಿಸಿದ ಕುಟುಂಬಗಳು ಅಸಂಖ್ಯಾತ. ಆ ಮಾತ್ರೆಯ ಹಿಂದಿನ ಚರಿತ್ರೆಯನ್ನು ತಿಳಿದವರು ಮಾತ್ರ ವಿರಳ.

ಸತುವಿಗೆ ಸಂಸ್ಕೃತದಲ್ಲಿ ಯಶದವೆಂದು ಹೆಸರು. ಈ ಲೋಹವನ್ನು ಅದಿರಿನಿಂದ ಬೇರ್ಪಡಿಸುವುದು ಸುಲಭವಲ್ಲ; ಕಾಯಿಸಿದೊಡನೆಯೇ ಅದು ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸಿ ಲೋಹವನ್ನು ಹಿಡಿಯುವ ವಿದ್ಯೆಯು ರಾಜಸ್ಥಾನದ ಜಾವರ್ ಎಂಬಲ್ಲಿ ಯುರೋಪಿಗಿಂತ ಶತಮಾನಗಳಷ್ಟು ಮೊದಲೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಅಲ್ಲಿನ ಉತ್ಖನನದಲ್ಲಿ ದೊರೆತ ಮಣ್ಣಿನ ಮೂಸೆಗಳೇ ಇದಕ್ಕೆ ಸಾಕ್ಷಿ. ರಸರತ್ನಸಮುಚ್ಚಯದಲ್ಲಿ ಈ ಕ್ರಿಯೆಯ ವರ್ಣನೆಯಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಯಶದವನ್ನು ಧಾತುಗಳ ಸಾಲಿನಲ್ಲಿ ಸೇರಿಸಿ, ಅದು ಒಗರೂ ಕಹಿಯೂ ಆದುದು, ಕಫಪಿತ್ತಹರ, ಕಣ್ಣಿಗೆ ಹಿತ, ಶ್ವಾಸರೋಗವನ್ನು ನೀಗುವಂಥದು ಎಂದು ಹೇಳಿದ್ದಾನೆ. ಇಷ್ಟನ್ನೇ ಹಿಡಿದು ಇಂದಿನ ವಿಜ್ಞಾನವೆಲ್ಲ ಅಂದೇ ತಿಳಿದಿತ್ತೆಂದು ಹೇಳುವುದು ಸಾಹಸವಾದೀತು. ಆದರೆ ಆ “ಒಗರು, ಕಹಿ” ಎಂಬ ಎರಡು ಗುಣಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವುಗಳಿಂದಲೇ ದೊಡ್ಡ ತಕರಾರು ಹುಟ್ಟಲಿದೆ.

ಸತುವು ಜೀವಿಗಳಿಗೆ ಆಹಾರವೂ ಹೌದೆಂಬುದನ್ನು ಮೊದಲು ತೋರಿಸಿದವನು ಪಾಸ್ತರನ ಶಿಷ್ಯನಾದ ರೋಲ್ಯಾಂ. ಸತುವಿಲ್ಲದೆ ಒಂದು ಬಗೆಯ ಕಪ್ಪು ಬೂಷ್ಟು ಬೆಳೆಯದೆಂದು ಅವನು ೧೮೬೯ರಲ್ಲಿ ಪ್ರಕಟಿಸಿದನು. ಇಲಿಗಳಿಗೂ ಇದು ಅಗತ್ಯವೆಂದು ೧೯೩೪ರಲ್ಲಿ ಸಿದ್ಧವಾಯಿತು. ಮನುಷ್ಯನಿಗೆ ಇದರ ಕೊರತೆಯುಂಟಾಗಬಹುದೆಂದು ಕಂಡುಕೊಂಡವರು ಬಿಹಾರದ ಬಕ್ಸರಿನಲ್ಲಿ ಜನಿಸಿದ ವೈದ್ಯ ಆನಂದ ಪ್ರಸಾದರು. ಇರಾಣದ ಷಿರಾಜ್ ನಗರದಲ್ಲಿದ್ದಾಗ, ಇಪ್ಪತ್ತೊಂದು ವರ್ಷದವನಾದರೂ ಹತ್ತು ವರ್ಷದ ಬಾಲಕನಂತೆ ತೋರುತ್ತಿದ್ದ ರೋಗಿಯೊಬ್ಬನನ್ನು ಅವರು ನೋಡಿದರು. ಅವನ ಆಹಾರ ಬಹುಮಟ್ಟಿಗೆ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಾಳಿ. ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತುವು ಸತುವನ್ನು ಬಿಗಿಹಿಡಿದು ದೇಹಕ್ಕೆ ಒದಗಗೊಡುವುದಿಲ್ಲ. ಪ್ರಸಾದರು ೧೯೬೧ರಲ್ಲಿ ಈ ಊಹೆಯನ್ನು ಮುಂದಿಟ್ಟು, ಬಳಿಕ ಈಜಿಪ್ಟಿನಲ್ಲಿ ಪರೀಕ್ಷೆ ನಡೆಸಿ ಅದನ್ನು ಸ್ಥಿರಪಡಿಸಿದರು. ಸತುವು ಕಡಮೆಯಾದರೆ ರೋಗನಿರೋಧಶಕ್ತಿಯೂ ಕುಗ್ಗುವುದೆಂಬ ಸಂಗತಿಯು ಅವರ ಮುಂದಿನ ಶೋಧನೆಗಳಿಂದ ಬೆಳಕಿಗೆ ಬಂದಿತು.

ನೆಗಡಿಯ ಕಡೆಗೆ ಸತುವು ತಿರುಗಿದುದು ೧೯೭೪ರಲ್ಲಿ. ನೆಗಡಿಗೆ ಮುಖ್ಯ ಕಾರಣವಾದ ರೈನೋವೈರಸ್ಸಿನ ವೃದ್ಧಿಯನ್ನು ಸತುವು ಗಾಜಿನ ಪಾತ್ರೆಯಲ್ಲಿ ತಡೆಯುವುದೆಂದು ಕೊರಾಂಟ್ ಮೊದಲಾದವರು ಆಗ ಪ್ರಕಟಿಸಿದರು. ಐದು ವರ್ಷಗಳ ತರುವಾಯ ಅಮೆರಿಕದ ಟೆಕ್ಸಾಸಿನಲ್ಲಿ ಜಾರ್ಜ್ ಈಬಿ ಎಂಬುವರ ಪುಟ್ಟ ಮಗಳು, ಕಠಿನ ವ್ಯಾಧಿಯೊಂದರ ಚಿಕಿತ್ಸೆಯಲ್ಲಿದ್ದವಳು, ನೆಗಡಿಯಾಗಿದ್ದಾಗ ಸತುವಿನ ಮಾತ್ರೆಯನ್ನು ನುಂಗದೆ ಬಾಯಲ್ಲಿಯೇ ಕರಗಿಸಿದಳು. ನೆಗಡಿ ಬೇಗನೆ ಮಾಯವಾಯಿತೆಂದು ತಂದೆಗೆ ತೋರಿತು. ಅವರು ಅದನ್ನು ಅಷ್ಟಕ್ಕೇ ಬಿಡದೆ ಪರೀಕ್ಷೆಗೆ ಒಡ್ಡಿದರು. ೧೯೮೪ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಏಳು ದಿನಗಳ ಮೇಲೆ ಸತುವನ್ನು ಚೀಪಿದ ೩೭ ಮಂದಿಯಲ್ಲಿ ನೂರಕ್ಕೆ ೮೬ರಷ್ಟು ಜನರು ಗುಣವಾಗಿದ್ದರು. ಹುಸಿಮಾತ್ರೆಯನ್ನು ಪಡೆದ ೨೮ ಮಂದಿಯಲ್ಲಿ ನೂರಕ್ಕೆ ೪೬ ಮಾತ್ರ.

ಇಲ್ಲಿ ಭಾವಮಿಶ್ರನು ಹೇಳಿದ ರುಚಿಯು ಅಡ್ಡಬಂದಿತು. ಇಂಥ ಪರೀಕ್ಷೆಯಲ್ಲಿ ತನಗೆ ದೊರೆತುದು ಮದ್ದೋ ಹುಸಿಯೋ ಎಂಬುದು ರೋಗಿಗೆ ತಿಳಿಯಕೂಡದು. ಒಗರೂ ಕಹಿಯೂ ಆದ ಮಾತ್ರೆಯನ್ನು ಬಾಯಲ್ಲಿಟ್ಟವನಿಗೆ ಅದು ತಿಳಿಯದಿರುವುದೆಂತು? ಮದ್ದೆಂದು ತಿಳಿದವನು ತನಗೆ ಗುಣವಾಯಿತೆಂದು ಹೇಳುವುದು ಸ್ವಭಾವಸಿದ್ಧ. ವಿಮರ್ಶಕರು ಈ ಆಕ್ಷೇಪವನ್ನು ಬಲವಾಗಿ ಎತ್ತಿದರು. ಮುಂದಿನ ಪರೀಕ್ಷೆಗಳೂ ಒಮ್ಮತಕ್ಕೆ ಬರಲಿಲ್ಲ. ೧೯೯೬ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರ ೧೦೦ ನೌಕರರಲ್ಲಿ ಸತುವು ನೆಗಡಿಯ ಅವಧಿಯನ್ನು ೭.೬ ದಿನಗಳಿಂದ ೪.೪ಕ್ಕೆ ಇಳಿಸಿತು. ಎರಡು ವರ್ಷಗಳ ತರುವಾಯ ಅಲ್ಲಿಯೇ ೨೪೯ ಶಾಲಾಬಾಲಕರಲ್ಲಿ ನೋಡಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ.

ವಾದವು ಬಾಯಿಯ ರುಚಿಯಲ್ಲಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಮೂಗನ್ನೂ ಬಾಧಿಸಿತು. ೧೯೩೭ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಪೋಲಿಯೊ ಹಬ್ಬಿದಾಗ, ಆ ರೋಗವು ಮೂಗಿನ ಮೂಲಕ ಪ್ರವೇಶಿಸುವುದೆಂಬ ನಂಬಿಕೆಯಿಂದ ಸುಮಾರು ೫೦೦೦ ಮಕ್ಕಳ ಮೂಗಿಗೆ ಸತುವಿನ ಸಲ್ಫೇಟನ್ನು ಸಿಂಪಡಿಸಿದರು. ಕೋತಿಗಳಲ್ಲಿ ಫಲಿಸಿದ ಉಪಾಯವು ಮಕ್ಕಳಲ್ಲಿ ಫಲಿಸಲಿಲ್ಲ. ಕೆಲವರ ಘ್ರಾಣಶಕ್ತಿಯೇ ನಷ್ಟವಾಯಿತು. ಈ ಪಾಠವು ವೈದ್ಯಪತ್ರಿಕೆಗಳಲ್ಲಿ ಅಚ್ಚಾಗಿ ಉಳಿದಿದ್ದರೂ, ಎಪ್ಪತ್ತು ವರ್ಷಗಳ ಮೇಲೆ ಅಮೆರಿಕದಲ್ಲಿ ನೆಗಡಿಗೆಂದು ಸತುವಿನ ನಸ್ಯವು ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ವಾಸನೆಯನ್ನು ಕಳೆದುಕೊಂಡವರ ದೂರುಗಳು ನೂರಮೂವತ್ತನ್ನು ಮೀರಿದ ಮೇಲೆ, ೨೦೦೯ರಲ್ಲಿ, ಅಲ್ಲಿನ ಸರ್ಕಾರವು ಅದನ್ನು ಬಳಸಕೂಡದೆಂದು ಎಚ್ಚರಿಸಿತು. ಮಲ್ಲಿಗೆಯ ಕಂಪೂ ಒಗ್ಗರಣೆಯ ಘಮವೂ ವಾರದಲ್ಲಿ ಹೋಗುವ ನೆಗಡಿಗಾಗಿ ತೆರುವ ಬೆಲೆಯಲ್ಲ.

ಮಹಾಮಾರಿಯ ಕಾಲದಲ್ಲಿಯೂ ಪರೀಕ್ಷೆ ನಡೆಯಿತು. ೨೦೨೧ರಲ್ಲಿ ಪ್ರಕಟವಾದ, ೨೧೪ ಕೋವಿಡ್ ರೋಗಿಗಳ ಅಮೆರಿಕದ ಪರೀಕ್ಷೆಯಲ್ಲಿ ದಿನಕ್ಕೆ ೫೦ ಮಿಲಿಗ್ರಾಂ ಸತುವಿನ ಗ್ಲುಕೊನೇಟಿನಿಂದಾಗಲಿ, ಅದರೊಡನೆ ‘ಸಿ’ ಜೀವಸತ್ತ್ವವನ್ನು ಕೊಟ್ಟುದರಿಂದಾಗಲಿ ಲಾಭವು ತೋರದೆ, ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ೨೦೨೪ರಲ್ಲಿ ಕಾಕ್ರೇನ್ ಸಂಸ್ಥೆಯವರು ನೆಗಡಿಯನ್ನು ಕುರಿತ ೩೪ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದರು. ಸತುವು ನೆಗಡಿ ಬಾರದಂತೆ ತಡೆಯುವುದು ಸಂಶಯಾಸ್ಪದ; ಬಂದುದನ್ನು ಎರಡು ದಿನಗಳಷ್ಟು ಮೊಟಕುಗೊಳಿಸಬಹುದು, ಆದರೆ ಪ್ರಮಾಣವು ದುರ್ಬಲ; ಓಕರಿಕೆ, ಬಾಯಿರುಚಿ ಕೆಡುವುದು ಮೊದಲಾದ ಉಪದ್ರವಗಳುಂಟು: ಇದು ಅವರ ನಿರ್ಣಯದ ಸಾರ.

ಹಾಗಾದರೆ ಸತುವು ನಿಷ್ಪ್ರಯೋಜಕವೇ? ಅಲ್ಲ. ಮಕ್ಕಳ ಅತಿಸಾರದಲ್ಲಿ ಅದರ ಉಪಕಾರವು ಸಿದ್ಧವಾದುದು. ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಕೂಡಿ, ಉಪ್ಪುಸಕ್ಕರೆಯ ಪಾನಕದೊಡನೆ ದಿನಕ್ಕೆ ೨೦ ಮಿಲಿಗ್ರಾಮಿನಂತೆ, ಆರು ತಿಂಗಳೊಳಗಿನ ಶಿಶುಗಳಿಗೆ ೧೦ರಂತೆ, ಹತ್ತರಿಂದ ಹದಿನಾಲ್ಕು ದಿನ ಕೊಡಬೇಕೆಂದು ವಿಧಿಸಿದುವು. ಕೊರತೆಯಿರುವಲ್ಲಿ ಪೂರೈಕೆಯು ಅಮೃತ. ಕೊರತೆಯಿಲ್ಲದಲ್ಲಿ ತಿಂಗಳುಗಟ್ಟಲೆ ಮಿತಿಮೀರಿ ತಿಂದರೆ ಅದೇ ಸತುವು ದೇಹದ ತಾಮ್ರವನ್ನು ಕುಗ್ಗಿಸಿ ರಕ್ತಹೀನತೆಯನ್ನು ತರುತ್ತದೆ.

ಯಶದವನ್ನು ಶೋಧಿಸದೆ ಔಷಧದಲ್ಲಿ ಬಳಸಕೂಡದೆಂಬುದು ರಸಶಾಸ್ತ್ರದ ನಿಯಮ. ಲೋಹವನ್ನು ಶೋಧಿಸಿದಂತೆಯೇ ಅದರ ಕೀರ್ತಿಯನ್ನೂ ಶೋಧಿಸಬೇಕಾಗುತ್ತದೆ. ಆ ಕೆಲಸವು ೧೯೭೪ರಿಂದ ನಡೆಯುತ್ತ ಬಂದಿದ್ದು, ಇನ್ನೂ ಮುಗಿದಿಲ್ಲ. ಅಷ್ಟರವರೆಗೆ ನೆಗಡಿ ಹಿಡಿದ ಮನೆಗೆ ಬಿಸಿನೀರು, ವಿಶ್ರಾಂತಿ, ಒಂದು ವಾರದ ತಾಳ್ಮೆ ಇವೇ ಗತಿ. ಮೂಗಿಗೆ ಮಾತ್ರ ಸತುವು ಬೇಡ.