ಬೆಂಕಿಪುರದ ಇದ್ದಲು, ಕನ್ನಡದ ಜೀವವಿಜ್ಞಾನ

ಭದ್ರಾನದಿಯ ದಡದ ಬೆಂಕಿಪುರದಲ್ಲಿ, ಎಂದರೆ ಇಂದಿನ ಭದ್ರಾವತಿಯಲ್ಲಿ, ಮೈಸೂರು ಸಂಸ್ಥಾನದವರು ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿದ 1918ನೆಯ ಇಸವಿಯಲ್ಲಿಯೇ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮೊದಲನೆಯದಕ್ಕೆ ರಾಜ್ಯದ ದ್ರವ್ಯಬಲವಿತ್ತು. ಎರಡನೆಯದಕ್ಕೆ ಕೆಲವರ ನಿಷ್ಕಾಮ ಪ್ರೀತಿಯ ಹೊರತು ಬೇರೆ ಆಧಾರವಿರಲಿಲ್ಲವಾಗಿ ಅದು ಅಲ್ಪಾಯುವಾಯಿತು. ಆದರೂ ಈ ಸೀಮೆಯ ವಿಜ್ಞಾನಾಸಕ್ತಿಯ ಚರಿತ್ರೆಯನ್ನು ಬರೆಯುವವನು ಎರಡನ್ನೂ ಜೊತೆಯಲ್ಲಿಟ್ಟೇ ನೋಡಬೇಕು.

ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡು ಇತ್ತು. ಆದುದರಿಂದ ಗಾಳಿಯಾಡದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ ಇದ್ದಲು ಮಾಡಿ, ಆಗ ಏಳುವ ಆವಿಯನ್ನು ತಣಿಸಿ ಅದರಿಂದ ಮರದ ಮದ್ಯಸಾರವನ್ನೂ ಟಾರನ್ನೂ ಪಡೆದು, ಆ ಇದ್ದಲಿನಿಂದಲೇ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವ ಯೋಜನೆಯನ್ನು ಹೂಡಿದರು. 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಬಿದಿರು ಬೇಕಾಯಿತು. ಈ ಸಾಹಸಗಳ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೆ ಕಾಡೆಂಬುದು ಆ ಯುಗದ ಕಣ್ಣಿಗೆ ಮುಖ್ಯವಾಗಿ ಸೌದೆಯಾಗಿ, ತಿರುಳಾಗಿ ಕಂಡಿತೆಂಬುದೂ ಅಷ್ಟೇ ಸತ್ಯ.

ಅದೇ ಕಾಡನ್ನು ಜೀವಲೋಕವಾಗಿ ಕಾಣಲು ಕಲಿಸುವ ಕಾರ್ಯ ಉದ್ಯೋಗದ ಕಟ್ಟಿನಿಂದ ಹೊರಗೆ ನಡೆಯಿತು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ್ದು ಭೌತಶಾಸ್ತ್ರವನ್ನು; ಪರಿಷ್ಕರಿಸಿದ್ದು ಪಂಪಭಾರತವನ್ನು; ಬರೆದದ್ದು, 1939ರಲ್ಲಿ ಪ್ರಕಟವಾದ ‘ಜೀವವಿಜ್ಞಾನ’ವನ್ನು. ತಮ್ಮದಲ್ಲದ ಶಾಸ್ತ್ರವನ್ನು ವೃದ್ಧಾಪ್ಯದಲ್ಲಿ ಕನ್ನಡಿಗರಿಗಾಗಿ ಕೈಗೆತ್ತಿಕೊಂಡ ಆ ಶ್ರಮವನ್ನು ನೆನೆದಾಗ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ. ಪದವಿಯ ಹಂಗಿಲ್ಲದೆ ‘ಬಾಲಪ್ರಪಂಚ’ವನ್ನು ರಚಿಸಿದ ಶಿವರಾಮ ಕಾರಂತರೂ ಇದೇ ಪಂಥದವರು.

ಜೀವಶಾಸ್ತ್ರಕ್ಕೆ ಪುಸ್ತಕ ದೊರೆತಂತೆ ಯಂತ್ರಕುತೂಹಲಕ್ಕೂ ಭದ್ರಾವತಿಯಲ್ಲಿ ಒಂದು ಅವಕಾಶ ಒದಗಿತು. 1965ರಲ್ಲಿ ಅಲ್ಲಿ ಆಕಾಶವಾಣಿಯ ಕೇಂದ್ರ ಆರಂಭವಾಯಿತು. ಅದರ ಮಧ್ಯಮ ತರಂಗದ ಕಂಪನಸಂಖ್ಯೆ 675 ಕಿಲೋಹರ್ಟ್ಸ್. ಪ್ರಸಾರಕೇಂದ್ರ ಸಮೀಪದಲ್ಲಿರುವ ಊರಿನಲ್ಲಿ ಬ್ಯಾಟರಿಯೇ ಇಲ್ಲದ ರೇಡಿಯೋವನ್ನು ಮನೆಯಲ್ಲಿ ಕಟ್ಟಬಹುದು. ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಕೇಂದ್ರವನ್ನು ಹಿಡಿಯಲು ಒಂದು ಕಂಡೆನ್ಸರ್, ಒಂದು ಡಯೋಡ್, ಕಿವಿಗೆ ಹಿಡಿಯುವ ಒಂದು ಹೆಡ್‌ಫೋನ್, ಮಾಡಿನ ಮೇಲೆ ಎಳೆದ ಏರಿಯಲ್ ತಂತಿ, ನೆಲಕ್ಕೆ ಇಳಿಬಿಟ್ಟ ಅರ್ತ್: ಇಷ್ಟೇ ಸಾಮಗ್ರಿ. ಅಲೆಯು ಸೆಕೆಂಡಿಗೆ 6,75,000 ಸಲ ಅತ್ತಿತ್ತ ಓಲಾಡುವುದರಿಂದ ಹೆಡ್‌ಫೋನಿನೊಳಗಣ ತೆಳುತಗಡು ಅದನ್ನು ಅನುಸರಿಸಲಾರದು. ಡಯೋಡು ಒಂದು ದಿಕ್ಕಿನ ಓಲಾಟವನ್ನು ಮಾತ್ರ ಸಾಗಗೊಟ್ಟು ಇನ್ನೊಂದನ್ನು ತಡೆಯಲು, ಅಲೆಯ ಬಲದ ಏರಿಳಿತವಾಗಿ ಅಡಗಿದ್ದ ಮಾತು ಕಿವಿಗೆ ಬೀಳುತ್ತದೆ. ತಗಡನ್ನು ನಡುಗಿಸುವ ಶಕ್ತಿಯೆಲ್ಲವೂ ಆ ಅಲೆಯದೇ. ಇದನ್ನು ಒಮ್ಮೆ ಕೈಯಾರೆ ಮಾಡಿದವನಿಗೆ ವಿದ್ಯುತ್ಕಾಂತೀಯ ತರಂಗವೆಂಬುದು ಪರೀಕ್ಷೆಗಾಗಿ ಉರುಹೊಡೆದ ಮಾತಾಗಿ ಉಳಿಯುವುದಿಲ್ಲ.

ಈ ಎರಡು ಆಸಕ್ತಿಗಳು ಒಬ್ಬರಲ್ಲೇ ಸಂಗಮಿಸಿದ್ದು ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ 1938ರಲ್ಲಿ ಜನಿಸಿದ ಪೂರ್ಣಚಂದ್ರ ತೇಜಸ್ವಿಯವರಲ್ಲಿ. ಅವರ ವಿಶ್ವವಿದ್ಯಾನಿಲಯದ ಶಿಕ್ಷಣ ಕನ್ನಡ ಸಾಹಿತ್ಯದ್ದು, ಜೀವನವೃತ್ತಿ ಮೂಡಿಗೆರೆಯ ಕಾಫಿ ತೋಟದ್ದು. ಹಕ್ಕಿ, ಮೀನು, ಕೀಟಗಳ ಅವಲೋಕನ ಅವರಿಗೆ ಯಾರೂ ವಿಧಿಸಿದ ಕೆಲಸವಾಗಿರಲಿಲ್ಲ. ಹಾರುವ ಓತಿಯ ಶೋಧವನ್ನು ‘ಕರ್ವಾಲೋ’ದಲ್ಲಿ (1980) ಕಥೆಯಾಗಿಸಿದ ಅದೇ ಕೈಗಳು ಕ್ಯಾಮೆರಾವನ್ನೂ ಗಾಳವನ್ನೂ ಹಿಡಿದುವು, ಮುಂದೆ ಕಂಪ್ಯೂಟರನ್ನು ಹಿಡಿದಾಗ, ಕನ್ನಡದ ತಂತ್ರಾಂಶ ಕನ್ನಡಿಗರೆಲ್ಲರಿಗೂ ಸುಲಭವಾಗಿ ದೊರೆಯಬೇಕೆಂಬ ಹಟವನ್ನೂ ಹಿಡಿದುವು. 2007ರಲ್ಲಿ ತೀರಿಕೊಳ್ಳುವ ತನಕ ಅವರು ಆ ಹಟವನ್ನು ಸಡಿಲಿಸಲಿಲ್ಲ. ಬೆಂಕಿಪುರದ ಯೋಜಕರು ಸೌದೆಯ ಲೆಕ್ಕದಲ್ಲಿ ಅಳೆದ ಮಲೆನಾಡಿನ ಕಾಡನ್ನು, ಸಾವಿರಾರು ಓದುಗರು ತೇಜಸ್ವಿಯವರ ಪುಟಗಳಲ್ಲಿಯೇ ಮೊದಲ ಬಾರಿಗೆ ಓತಿ, ಜೇಡ, ಕಾಜಾಣಗಳ ವಸತಿಯಾಗಿ ಕಂಡರೆಂದು ನಾನು ನಂಬಿದ್ದೇನೆ.